ಬಾ ಯಶ್ಶೂವಿನ ಗೋರಿಯ ಮೇಲೆ ಬಿದ್ದ ಕಲ್ಲು

ನಮ್ಮ ತಿಮ್ರಾಸ್ ಊರಿನಲ್ಲಿ ಬೆನ್ನಾಸರನನ್ನು ತಜ್ಞ ಎಂದು ಕರೆಯುತ್ತಿದ್ದವನು ಒಬ್ಬನೇ. ಅವನು ಬೆನ್ನಾಸರ್.

ಅರ್ಫೂದ್ ಪೇಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವನದೊಂದು ತಗಡಿನ ಅಂಗಡಿಯಿತ್ತು. ಅದರ ನೆತ್ತಿಯ ಮೇಲೆ ‘ಬೆನ್ನಾಸರ್, ಆಕಾಶದ ಕಲ್ಲುಗಳ ತಜ್ಞ’ ಎಂದು ಮೂರು ಭಾಷೆಗಳಲ್ಲಿ ಬರೆಸಿದ ಬೋರ್ಡು. ಮೂರರಲ್ಲೂ ತಪ್ಪುಗಳಿದ್ದವು. ಓದುವವರು ತಮಗೆ ಬರುವ ಭಾಷೆಯದೊಂದು ಕೆಟ್ಟಿದೆ, ಉಳಿದೆರಡು ಸರಿಯಿರಬೇಕು ಎಂದುಕೊಂಡು ಮುಂದೆ ಹೋಗುತ್ತಿದ್ದರು. ಅಂಗಡಿಯೊಳಗೆ ಮಾರಾಟವಾಗುತ್ತಿದ್ದುದು ಮಾತ್ರ ಹಳೆಯ ಕಾಲದ ಸಮುದ್ರದ ಹುಳಗಳ ಪಳೆಯುಳಿಕೆ. ಒಂದೊಂದು ಹುಳದಲ್ಲೂ ತಲೆ ಒಂದರದು, ಬಾಲ ಇನ್ನೊಂದರದು, ನಡುವಿನ ಹೊಟ್ಟೆ ಬೆನ್ನಾಸರನದು. ಅಂಟು ಮತ್ತು ಕಲ್ಲಿನ ಪುಡಿ ಕಲಸಿ ಅವನೇ ಮಾಡಿದ್ದು.

ಆಕಾಶದ ಕಲ್ಲಿಗಾಗಿ ಅವನು ಹನ್ನೊಂದು ವರ್ಷ ಮೊಪೆಡ್ಡಿನಲ್ಲಿ ಕಪ್ಪು ಜಲ್ಲಿಯ ಬಯಲನ್ನೆಲ್ಲ ಸುತ್ತಿದ್ದ. ಕಪ್ಪಗೆ ಕಂಡ ಕಲ್ಲನ್ನೆಲ್ಲ ಪೊಟ್ಟಣ ಕಟ್ಟಿ ರಾಜಧಾನಿ ರಬಾತಿನ ಪ್ರೊಫೆಸರ್ ಒಬ್ಬರಿಗೆ ಕಳಿಸುತ್ತಿದ್ದ. ಪ್ರತಿಯೊಂದಕ್ಕೂ ಫ್ರೆಂಚಿನಲ್ಲಿ ಬರೆದ ಉತ್ತರ ಬರುತ್ತಿತ್ತು. ಅವುಗಳಲ್ಲಿ ಚೆನ್ನಾಗಿ ಕಂಡ ಒಂದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಅದರ ಕೆಳಗೆ ವಿಶ್ವವಿದ್ಯಾಲಯದ ಮೊಹರು ದುಂಡಗೆ, ನೀಲಿಯಾಗಿ, ಬಹಳ ಗಂಭೀರವಾಗಿ ಕಾಣುತ್ತಿತ್ತು.

ನಾನು ಊರಿನ ಕ್ಷೌರಿಕ. ಗಂಡಸರ ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವುದೂ ನನ್ನ ಪಾಲಿಗೇ ಬಂದಿದೆ. ಆ ವರ್ಷ ಜೂನ್ ತಿಂಗಳಲ್ಲಿ ಬೆನ್ನಾಸರನ ಮಾವ ಬಾ ಯಶ್ಶೂ ತೀರಿಕೊಂಡಾಗ ತೊಳೆದವನು ನಾನೇ. ಬಾ ಯಶ್ಶೂ ನೆಲದಡಿಯ ಕಾಲುವೆ ತೋಡುವವನು. ಊರಿನ ಅರ್ಧ ಜನರ ನೀರಿನ ಸರದಿಯನ್ನು ಅವನು ನುಂಗಿದ್ದಾನೆ ಎಂದು ಆ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಅವನ ನೆಂಟರು.

ಮಣ್ಣಾದ ಮೂರನೆಯ ದಿನ ಬೆಳಿಗ್ಗೆ ಹೆಂಗಸರು ರೊಟ್ಟಿ, ಒಣ ಅಂಜೂರ ಹಿಡಿದು ಗೋರಿಯ ಹತ್ತಿರ ಹೋದರು. ಅವನ ಮಗಳು, ಬೆನ್ನಾಸರನ ಹೆಂಡತಿ, ಇತ್ತೋ ಎಂಬವಳು, ಮುಂದಿದ್ದಳು. ಆಗ ಮೋಡವೇ ಇಲ್ಲದ ಆಕಾಶದಲ್ಲಿ ಮೂರು ಸಲ ಗುಡುಗಿತು. ಆಮೇಲೆ ಸಿಳ್ಳೆಯಂತೆ ಏನೋ ಕೇಳಿಸಿ, ಬಾ ಯಶ್ಶೂವಿನ ತಲೆಗಲ್ಲು ಎರಡು ಹೋಳಾಯಿತು. ಹೋಳುಗಳ ನಡುವೆ ಮುಷ್ಟಿಗಾತ್ರದ ಕಪ್ಪು ಕಲ್ಲೊಂದು ಕೂತಿತ್ತು.

ಊರಿಗೆ ಊರೇ ಗೋರಿಯ ಸುತ್ತ ನೆರೆಯಿತು. ಬೆನ್ನಾಸರ್ ಜನರನ್ನು ಸರಿಸುತ್ತ ಬಂದ. ಮೊಣಕಾಲೂರಿ, ಜೇಬಿನಿಂದ ಅಯಸ್ಕಾಂತ ತೆಗೆದು ಕಲ್ಲಿಗೆ ಹಿಡಿದ. ಅದು ಟಕ್ಕನೆ ಕಚ್ಚಿಕೊಂಡಿತು. ಅವನ ಮುಖ ನೋಡಬೇಕಿತ್ತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡ.

“ಅಪ್ಪಟ. ನೂರಕ್ಕೆ ನೂರು ಆಕಾಶದ್ದೇ. ಹನ್ನೊಂದು ವರ್ಷದ ಅನುಭವದಿಂದ ಹೇಳ್ತಿದೀನಿ, ಇದಕ್ಕಿಂತ ಶುದ್ಧವಾದದ್ದು ಬೀಳೋಕೆ ಸಾಧ್ಯವಿಲ್ಲ.”

ಬದುಕಿನಲ್ಲಿ ಮೊದಲ ಸಲ ಅವನು ಹೇಳಿದ್ದು ನಿಜವಾಗಿತ್ತು. ಅದನ್ನು ಹೇಳಲು ಅದಕ್ಕಿಂತ ಕೆಟ್ಟ ಗಳಿಗೆಯನ್ನು ಬೇರೆ ಯಾರೂ ಆರಿಸಿಕೊಳ್ಳುತ್ತಿರಲಿಲ್ಲ.

ಜನರ ನಡುವಿನಿಂದ ಮಿಮೂನ್ ಮುಂದೆ ಬಂದ. ಬಾ ಯಶ್ಶೂವಿನ ಮೇಲೆ ಇಪ್ಪತ್ತು ವರ್ಷ ನೀರಿನ ಜಗಳ ನಡೆಸಿದವನು ಇವನು. ಮಸೀದಿಯ ಧರ್ಮಪಂಡಿತರಾದ ಫಕೀಹರ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದ.

“ಸಿ ತಯ್ಯಿಬ್, ನಂಗೆ ಓದು ಬರಲ್ಲ. ಆಕಾಶದಿಂದ ಕಲ್ಲು ಹೊಡೆಯೋದು ಯಾರಿಗೆ?”

ಫಕೀಹ ತಯ್ಯಿಬರು ಯಾರನ್ನೂ ಎದುರು ಹಾಕಿಕೊಳ್ಳದ ಮನುಷ್ಯ. ಗಡ್ಡ ಸವರಿಕೊಂಡರು. “ಸೈತಾನರಿಗೆ ಅಂತ ಗ್ರಂಥದಲ್ಲಿದೆ. ಆದ್ರೆ…”

ಆ ‘ಆದ್ರೆ’ಗಾಗಿ ಯಾರೂ ಕಾಯಲಿಲ್ಲ.

ಮಧ್ಯಾಹ್ನ ಇತ್ತೋ ತಂದೆಯ ಹೆಸರಿನಲ್ಲಿ ಮನೆಮನೆಗೆ ಕಳಿಸಿದ ಕುಸ್‌ಕುಸ್ ಊಟದ ತಟ್ಟೆಗಳು ಮುಚ್ಚಿದ ಬಟ್ಟೆಯನ್ನೂ ತೆರೆಯದೆ ವಾಪಸು ಬಂದವು. ಆ ಹೆಣ ತೊಳೆದ ಕೈ ಎಂದು ನನ್ನ ಹತ್ತಿರ ಕ್ಷೌರ ಮಾಡಿಸಿಕೊಳ್ಳಲು ಇಬ್ಬರು ಹಿಂಜರಿದರು. ಅವರಲ್ಲೊಬ್ಬನಿಗೆ ತಲೆಯಲ್ಲಿ ಕೂದಲೇ ಇರಲಿಲ್ಲ. ಆದರೂ ಬಂದು, ಹಿಂಜರಿದು ಹೋದ.

ಬೆನ್ನಾಸರನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇತ್ತೋ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು.

“ಎಲ್ಲರ ಅಳಿಯಂದ್ರೂ ಸತ್ತ ಮಾವನಿಗೆ ಪ್ರಾರ್ಥನೆ ಮಾಡ್ತಾರೆ,” ಅಂದಳು. “ನೀವು ಸೈತಾನ ಅಂತ ಸರ್ಟಿಫಿಕೇಟು ಕೊಟ್ಟು ಬಂದ್ರಿ.”

“ನಾನು ಕಲ್ಲಿಗೆ ಕೊಟ್ಟಿದ್ದು, ಅವರಿಗಲ್ಲ.”

“ಕಲ್ಲು ಯಾರ ಮೇಲೆ ಬಿತ್ತು?”

“ಅದು ಶಾಸ್ತ್ರಕ್ಕೆ ಸಂಬಂಧಪಟ್ಟ ವಿಷಯ ಅಲ್ಲ.”

“ಸರಿ. ಶಾಸ್ತ್ರದ ಮನೆಗೇ ಹೋಗಿ ಊಟ ಮಾಡಿ.”

ಮರುದಿನ ಬೆಳಿಗ್ಗೆ ಅವನು ಹಸಿದ ಹೊಟ್ಟೆಯಲ್ಲಿ ನನ್ನ ಅಂಗಡಿಗೆ ಬಂದ. ಐದಾರು ಜನ ಸರದಿಗೆ ಕೂತಿದ್ದರು. ಕುರ್ಚಿಯಲ್ಲಿ ಮಿಮೂನ್ ಇದ್ದ; ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಗೆ ಸಾಬೂನು ಬಳಿದಿದ್ದೆ. ಅವನು ಹೇಳುತ್ತಿದ್ದುದು ಇಷ್ಟು: ಬಾ ಯಶ್ಶೂವನ್ನು ತೆಗೆದು ಊರಾಚೆ ಹೂಳಬೇಕು. “ನಮ್ಮಪ್ಪ ಅವನ ಪಕ್ಕದಲ್ಲೇ ಮಲಗಿದಾನೆ ಕಣ್ರಯ್ಯ. ಇನ್ನೊಂದು ಕಲ್ಲು ಗುರಿ ತಪ್ಪಿದ್ರೆ?”

ಬೆನ್ನಾಸರ್ ಬಾಗಿಲಲ್ಲೇ ನಿಂತು ಸಾರಿದ. “ನಿನ್ನೆ ತಪ್ಪಾಯ್ತು. ಅದು ಆಕಾಶದ್ದಲ್ಲ. ಬರೀ ಕಬ್ಬಿಣದ ಕಿಟ್ಟ.”

“ನಿನ್ನೆ ಅಪ್ಪಟ ಅಂದೆ,” ಅಂದ ಒಬ್ಬ.

“ನಿನ್ನೆ ದುಃಖದಲ್ಲಿದ್ದೆ.”

“ಕಿಟ್ಟ ಆಕಾಶದಿಂದ ಹೇಗಪ್ಪ ಬಂತು?”

ಬೆನ್ನಾಸರ್ ಇಷ್ಟು ದೂರ ಯೋಚಿಸಿರಲಿಲ್ಲ. “ಯಾರೋ ಎಸೆದಿರಬೇಕು,” ಅಂದ.

ಮಿಮೂನ್ ಕನ್ನಡಿಯಲ್ಲೇ ಅವನನ್ನು ನೋಡಿದ. “ಯಾರೋ ಅಂದ್ರೆ?”

“ಅವರನ್ನು ಕಂಡ್ರೆ ಆಗದೋರು ಯಾರೋ.”

ಊರಿನಲ್ಲಿ ಬಾ ಯಶ್ಶೂವನ್ನು ಕಂಡರೆ ಆಗದವರು ನೂರಾರು ಜನ. ಆದರೆ ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದವನು ಒಬ್ಬನೇ. ಮಿಮೂನ್ ನಾನು ಹೊದಿಸಿದ್ದ ಬಟ್ಟೆಯನ್ನು ಕತ್ತಿನಿಂದ ಕಿತ್ತೆಸೆದು, ಒಂದು ಕೆನ್ನೆಯ ಸಾಬೂನಿನ ಸಮೇತ ನೇರವಾಗಿ ಸರ್ಕಾರಿ ಅಧಿಕಾರಿಯಾದ ಕಾಯ್ದರ ಕಚೇರಿಗೆ ನಡೆದ. ಗೋರಿಗೆ ಕಲ್ಲು ಹೊಡೆದವನು ಮಿಮೂನನೇ ಎಂದು ಬೆನ್ನಾಸರ್ ಎಲ್ಲರೆದುರು ಆರೋಪ ಮಾಡಿದ್ದಾನೆ ಎಂದು ದೂರು ಬರೆಸಿದ. ಸಾಕ್ಷಿಯಾಗಿ ನನ್ನನ್ನೂ ಕರೆಸಿದರು. ಅರ್ಧ ಕ್ಷೌರದ ಕೂಲಿಯನ್ನು ಅಲ್ಲಿ ಕೇಳುವುದು ಸರಿ ಕಾಣಲಿಲ್ಲ.

ಕಾಯ್ದರು ಉತ್ತರದ ಕಡೆಯವರು; ನಮ್ಮ ಬಿಸಿಲಿಗೆ ಬಂದಾಗಿನಿಂದ ಅವರಿಗೆ ತಲೆನೋವು. ಹಣೆಗೆ ಒದ್ದೆ ಕರವಸ್ತ್ರ ಒತ್ತಿಕೊಂಡೇ ಕೇಳಿದರು.

“ಕಲ್ಲು ಆಕಾಶದ್ದಾದ್ರೆ ಅದು ದೇಶದ ಆಸ್ತಿ. ಕಾಗದ ಮಾಡಬೇಕು, ಮೇಲಕ್ಕೆ ತಿಳಿಸಬೇಕು. ಆಕಾಶದ್ದಲ್ಲ ಅಂದ್ರೆ ಗೋರಿ ಒಡೆದದ್ದು ಅಪರಾಧ, ಯಾರನ್ನಾದರೂ ಒಳಗೆ ಹಾಕಬೇಕು. ಎರಡರಲ್ಲಿ ಒಂದು ಹೇಳಿ.”

ಬೆನ್ನಾಸರ್ ಮಿಮೂನನನ್ನು ನೋಡಿದ. ಕಿಟಕಿಯಾಚೆ ನಿಂತಿದ್ದ ಇತ್ತೋಳನ್ನು ನೋಡಿದ.

“ಅರ್ಧ ಆಕಾಶದ್ದು, ಸರ್,” ಅಂದ.

“ನೀವು ಯಾರು ಇದನ್ನ ಹೇಳೋಕೆ?”

ಅವನು ಈ ಪ್ರಶ್ನೆಗಾಗಿಯೇ ಬಂದಿದ್ದ. ಕಂಕುಳಿನಿಂದ ಕಟ್ಟು ಹಾಕಿಸಿದ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟ. ಕಾಯ್ದರು ಕರವಸ್ತ್ರ ಕೆಳಗಿಟ್ಟು, ಫ್ರೆಂಚಿನಲ್ಲಿದ್ದುದನ್ನು ನಮಗೆಲ್ಲ ತಿಳಿಯುವಂತೆ ಬಿಡಿಸಿ ಓದಿದರು.

“‘ಮಾನ್ಯರೇ, ತಾವು ಕಳಿಸಿದ ಮೂವತ್ತೆಂಟನೆಯ ಕಲ್ಲೂ ಉಲ್ಕಾಶಿಲೆಯಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ. ಮುಂದಿನದನ್ನು ಕಳಿಸುವ ಮೊದಲು ದಯವಿಟ್ಟು ಅಂಚೆಯವನ ಬೆನ್ನನ್ನು ನೆನೆಯಿರಿ.’”

ಬೆನ್ನಾಸರ್ ಕಟ್ಟನ್ನು ವಾಪಸು ತೆಗೆದುಕೊಂಡು, ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿದ. ಆ ಕಾಗದದಲ್ಲಿ ಏನಿದೆಯೆಂದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

“ಈ ಪ್ರೊಫೆಸರನ್ನೇ ಕರೆಸಿ,” ಅಂದರು ಕಾಯ್ದರು. “ಹತ್ತು ದಿನ ಟೈಮು. ಅಲ್ಲಿಯವರೆಗೆ ಗೋರಿಗೆ ಯಾರೂ ಕೈ ಹಚ್ಚಬೇಡಿ. ಆಮೇಲೆ ಹೆಣ ಇರಬೇಕೋ ತೆಗೀಬೇಕೋ ಹೇಳ್ತೀನಿ.”

ಪ್ರೊಫೆಸರ್ ಮರ್ವಾನ್ ಮೂರನೆಯ ದಿನವೇ ಬಂದರು. ಸಣ್ಣಗೆ, ಬಾಗಿದ ಬೆನ್ನಿನ, ಕನ್ನಡಕದ ಮನುಷ್ಯ. ಅವರನ್ನು ಕರೆತಂದದ್ದು ಅರ್ಫೂದಿನ ಕಲ್ಲಿನ ವ್ಯಾಪಾರಿ ಸಕ್ಕೂ, ತನ್ನ ಜೀಪಿನಲ್ಲಿ. ವಿಶ್ವವಿದ್ಯಾಲಯದ ಜೀಪು ಎರಡು ವರ್ಷದಿಂದ ಕೆಟ್ಟು ನಿಂತಿತ್ತಂತೆ. ಸಕ್ಕೂ ಬೆನ್ನಾಸರನಂಥವನಲ್ಲ, ಅವನ ಅಂಗಡಿಗೆ ಬೋರ್ಡೇ ಇರಲಿಲ್ಲ, ದೂರದ ದೇಶಗಳವರು ವಿಳಾಸ ಕೇಳಿಕೊಂಡು ಬರುತ್ತಿದ್ದರು.

ಪ್ರೊಫೆಸರ್ ಬೆನ್ನಾಸರನ ಮನೆಯ ಚಾಪೆಯ ಮೇಲೆ ಕೂತು, ಕೈಗವಸು ಹಾಕಿಕೊಂಡು ಕಲ್ಲನ್ನು ಎರಡು ನಿಮಿಷ ತಿರುಗಿಸಿದರು. “ಅಪ್ಪಟ,” ಅಂದರು. ಆಮೇಲೆ ಬೆನ್ನಾಸರನ ಕೈಯಲ್ಲಿದ್ದ ಅಯಸ್ಕಾಂತ ಕಂಡಿತು. “ಇದನ್ನ ತಾಗಿಸಿದ್ರಾ?”

“ಏಳು ಸಲ. ಖಾತ್ರಿ ಮಾಡ್ಕೊಳ್ಳೋಕೆ.”

ಪ್ರೊಫೆಸರ್ ಕಣ್ಣು ಮುಚ್ಚಿದರು. “ಅದು ಹುಟ್ಟಿದ ಕಾಲದ ಕಾಂತಶಕ್ತಿ ಅದರೊಳಗಿತ್ತು. ಒಂಥರಾ ನೆನಪು. ನೀವು ಅಳಿಸಿಬಿಟ್ರಿ.”

ಬೆನ್ನಾಸರ್ ಕಲ್ಲಿನ ಕಡೆ ನೋಡಿ ಏನೋ ಗೊಣಗಿದ. ಕ್ಷಮೆ ಕೇಳಿದನೆಂದು ನನಗನ್ನಿಸಿತು.

ಇತ್ತೋ ಚಹಾ ತಂದಿಟ್ಟು ಅಲ್ಲೇ ನಿಂತಳು. “ಇವರು ವ್ಯಾಪಾರಿ. ನೀವು ಓದಿದೋರು. ಇಬ್ಬರೂ ಒಂದೇ ಗಾಡೀಲಿ ಯಾಕೆ ಬಂದ್ರಿ?”

“ನನ್ನ ಕಪಾಟಿನಲ್ಲಿ ನೂರು ಕಲ್ಲಿದ್ರೆ ತೊಂಬತ್ತು ಇಂಥೋರು ತಂದದ್ದಮ್ಮ,” ಅಂದರು ಪ್ರೊಫೆಸರ್. “ಈ ಬಯಲೆಲ್ಲ ನಡೆಯೋಕೆ ನನಗೆ ಕಾಲೂ ಇಲ್ಲ, ಜನಾನೂ ಇಲ್ಲ.”

ಸಕ್ಕೂ ಲೋಟಕ್ಕೆ ಇನ್ನೊಂದು ಸಕ್ಕರೆ ಗಡ್ಡೆ ಹಾಕಿಕೊಂಡು ಇತ್ತೋಳಿಗೆ ಮರ್ಯಾದೆಯಿಂದಲೇ ಹೇಳಿದ. “ನಾನೇನು ಪುಣ್ಯಕ್ಕೆ ಮಾಡಲ್ಲ ಲಲ್ಲಾ. ಹೆಸರಿಲ್ಲದ ಕಲ್ಲು ಬಾಗಿಲಿಗೆ ಒತ್ತಿಡೋ ಕಲ್ಲು. ಹೆಸರು ಕೊಡೋರು ಇವರು. ಅದಕ್ಕೆ ಪ್ರತಿ ಕಲ್ಲಿಂದ ಒಂದು ತುಂಡು ಇವರ ಕಪಾಟಿಗೆ ಹೋಗುತ್ತೆ, ಮತ್ತೆ ಬರಲ್ಲ. ಉಳಿದದ್ದನ್ನ ಕಲ್ಲು ಕೂಡಿಡೋ ಹುಚ್ಚಿನೋರು ಕೊಳ್ತಾರೆ. ಅವರೂ ಬರೀ ಹುಚ್ಚರಲ್ಲ, ಲ್ಯಾಬಿನೋರು ಕೇಳಿದ್ರೆ ಕೊಯ್ದು ಕಳಿಸ್ತಾರೆ. ನಾನು ತಿನ್ನೋದೂ ಇದರಿಂದ, ಇವರು ಬರೆಯೋದೂ ಇದರಿಂದ.”

ಪ್ರೊಫೆಸರ್ ಪುಸ್ತಕ ತೆಗೆದು ಪೆನ್ನು ಬಿಚ್ಚಿದರು. “ಈಗ ಹೇಳಿ, ಎಲ್ಲಿ ಬಿತ್ತು?”

“ರಸ್ತೆ ಮಗ್ಗುಲಲ್ಲಿ,” ಅಂದಳು ಇತ್ತೋ, ಗಂಡ ಬಾಯಿ ತೆರೆಯುವ ಮೊದಲೇ.

ಪ್ರೊಫೆಸರ್ ಅವಳ ಮುಖ ನೋಡಿ ಪೆನ್ನು ಮುಚ್ಚಿದರು. “ಕಲ್ಲು ಎಲ್ಲಿ ಬಿತ್ತು ಅಂತ ಗೊತ್ತಾದ್ರೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕ್ತೀವಿ. ಸುಳ್ಳು ಜಾಗ ಬರೆದ್ರೆ ಅದು ಅನಾಥ. ನೀವು ಹೇಳೋವರೆಗೆ ಬರೆಯಲ್ಲಮ್ಮ.”

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದಿನ ನಡುವೆ ಒಳಗಿನಿಂದಲೇ ಮಾತು ಬಂತು. “ನಮ್ಮಪ್ಪನ ತಲೆ ಮೇಲೆ.”

ಸಂಜೆ ಮಸೀದಿಯ ಅಂಗಳದಲ್ಲಿ ಊರು ಸೇರಿತು. ಪ್ರೊಫೆಸರ್ ಸೌಮ್ಯವಾಗಿ ವಿವರಿಸಿದರು. ಈ ಕಲ್ಲು ತನ್ನ ತಾಯಿಬಂಡೆಯಿಂದ ಒಡೆದು ಹೊರಟು ಕೋಟಿಗಟ್ಟಲೆ ವರ್ಷವಾಗಿರಬೇಕು. ಆಗ ಬಾ ಯಶ್ಶೂ ಇರಲಿಲ್ಲ, ನೀರಿನ ಸರದಿ ಇರಲಿಲ್ಲ, ಮನುಷ್ಯನೇ ಇರಲಿಲ್ಲ. ಹಾಗಿರುವಾಗ ಅದು ಒಬ್ಬರನ್ನು ಗುರಿಯಿಟ್ಟು ಬಂದದ್ದು ಹೇಗೆ?

ಬೆನ್ನಾಸರನ ಮುಖ ಅರಳಿತು. ಆದರೆ ಮಿಮೂನ್ ಫಕೀಹರನ್ನು ನೋಡಿದ. ಫಕೀಹರು ಬೇಸರದಿಂದಲೇ ಹೇಳಿದರು. “ದೇವರಿಗೆ ಎಲ್ಲ ಮೊದಲೇ ಗೊತ್ತಿರುತ್ತೆ.”

“ಕೋಟಿ ವರ್ಷ ಮೊದಲೇ ಹೊರಡಿಸಬೇಕಾದ್ರೆ ಎಂಥ ಪಾಪಿ ಇರಬೇಕು,” ಅಂದ ಮಿಮೂನ್. ಬಾ ಯಶ್ಶೂವಿನ ಸ್ಥಿತಿ ಮೊದಲಿಗಿಂತ ಕೆಟ್ಟಿತು.

ಆಗ ಪ್ರೊಫೆಸರ್, ಇನ್ನೇನೂ ತೋಚದೆ, ಮೂರು ಗುಡುಗಿನ ಮಾತೆತ್ತಿದರು. ಗುಡುಗಿದೆಯೆಂದರೆ ಕಲ್ಲು ಮೇಲೆಯೇ ಒಡೆದಿದೆ. ಚೂರುಗಳು ಉದ್ದನೆಯ ಮೊಟ್ಟೆಯಾಕಾರದ ಜಾಗದಲ್ಲಿ ಚೆಲ್ಲಿರುತ್ತವೆ. ಸಣ್ಣವು ಮೊದಲು, ದೊಡ್ಡದು ಎಲ್ಲಕ್ಕಿಂತ ದೂರ.

“ಅಂದ್ರೆ ಬೇರೆಯವರ ಜಾಗದಲ್ಲೂ ಬಿದ್ದಿದೆ?” ಬೆನ್ನಾಸರ್ ಎದ್ದು ನಿಂತ.

“ಬಿದ್ದೇ ಇರುತ್ತೆ.”

ಸಭೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಚಾವಣಿಯ ಕಡೆ ನೋಡಿದರು.

ಮರುದಿನದಿಂದ ಹುಡುಕಾಟ. ಸಕ್ಕೂ ನೀರಿನ ಲಾರಿ ತರಿಸಿದ, ಜಾಗ ಅಳೆಯುವ ಜಿಪಿಎಸ್ಸುಗಳನ್ನು ತರಿಸಿದ. ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತೇನೆ, ಆದರೆ ಮುಟ್ಟದೆ ಇದ್ದಲ್ಲೇ ಬಿಟ್ಟು ತನ್ನನ್ನು ಕರೆದವರಿಗೆ ಎರಡರಷ್ಟು ಎಂದು ಸಾರಿದ. ಕಲ್ಲು ಬಂದವು. ರುಮಾಲಿನಲ್ಲಿ, ಚಹಾದ ಡಬ್ಬಿಯಲ್ಲಿ, ಒಬ್ಬಳ ರವಿಕೆಯೊಳಗೆ. ಇದ್ದಲ್ಲೇ ಬಿಟ್ಟದ್ದು ಒಂದೂ ಇಲ್ಲ. ಎಲ್ಲಿ ಸಿಕ್ಕಿತು ಎಂದರೆ ಎಲ್ಲರದೂ ಒಂದೇ ಮಾತು: ಒಣಹೊಳೆಯಲ್ಲಿ. ಒಣಹೊಳೆ ಯಾರಪ್ಪನದೂ ಅಲ್ಲವಲ್ಲ. ನಾಲ್ಕು ದಿನಕ್ಕೆ ಇಪ್ಪತ್ಮೂರು ಕಲ್ಲು ಬಂದವು, ಇಪ್ಪತ್ಮೂರೂ ಹೊಳೆಯ ಒಂದೇ ತಿರುವಿನಿಂದ.

“ಬರ್ತಾ ದಾರೀಲಿ ಮಾತಾಡ್ಕೊಂಡಿರಬೇಕು, ಎಲ್ಲ ಒಂದೇ ಕಡೆ ಇಳಿಯೋಣ ಅಂತ,” ಅಂದರು ಪ್ರೊಫೆಸರ್, ಖಾಲಿ ನಕ್ಷೆಯ ಮುಂದೆ ಕೂತು.

ಹೇಳಿಬಿಡುತ್ತೇನೆ. ಅದರಲ್ಲಿ ಒಂದು ನನ್ನದು. ನಮ್ಮ ಅಂಗಳದಲ್ಲಿ, ರೊಟ್ಟಿಯ ಒಲೆಯ ಪಕ್ಕ ಸಿಕ್ಕಿತು. ಕೋಳಿ ಅದರ ಮೇಲೆ ಕೂತಿತ್ತು. ನಾನೂ ಒಣಹೊಳೆ ಎಂದೇ ಬರೆಸಿದೆ. ಮೊದಲೇ ಗಿರಾಕಿ ಕಡಿಮೆಯಾಗಿದ್ದ ಕಾಲ ಅದು.

ಬೆನ್ನಾಸರ್ ಮನೆಮನೆಗೆ ಹೋದ. ಅದನ್ನು ನೋಡಲಾಗುತ್ತಿರಲಿಲ್ಲ. ಹುಳಕ್ಕೆ ಹೊಟ್ಟೆ ಅಂಟಿಸುತ್ತಿದ್ದ ಮನುಷ್ಯ ಒಂದೊಂದು ಬಾಗಿಲಲ್ಲೂ ಟೋಪಿ ಕೈಯಲ್ಲಿ ಹಿಡಿದು ನಿಜ ಹೇಳಿ ಎಂದು ಬೇಡುತ್ತಿದ್ದ.

“ನನ್ನ ಮಾವನಿಗೋಸ್ಕರ ಬೇಡ. ನಕ್ಷೆಗೋಸ್ಕರ ಹೇಳಿ.”

“ನೀನು ಮಾರೋ ಹುಳದ ಬಾಲ ಎಲ್ಲಿ ಸಿಕ್ತು, ಅದನ್ನ ಹೇಳು ಮೊದಲು,” ಅನ್ನುತ್ತಿದ್ದರು.

“ಅದು ಬೇರೆ ಹುಳದ್ದು,” ಅನ್ನುತ್ತಿದ್ದ. “ನಾನು ಹೇಳಿದೆನಲ್ಲ, ಈಗ ನೀವು ಹೇಳಿ.”

ನನ್ನ ಬಾಗಿಲಿಗೂ ಬಂದ. ಒಣಹೊಳೆ ಎಂದೆ. ಅವನು ಒಲೆಯ ಕಡೆ ನೋಡಿದ. ಗೋಡೆ ಒಂದೇ ಆದದ್ದರಿಂದ ಆ ದಿನ ಅಂಗಳದಲ್ಲಿ ಆದ ಸದ್ದು ಅವನಿಗೂ ಕೇಳಿಸಿದ್ದಿರಬೇಕು. “ಆಯ್ತು ಮಾಮ,” ಅಂದು ಹೊರಟುಹೋದ.

ಕಾಯ್ದರ ಗಡುವಿಗೆ ಮೂರು ದಿನ ಉಳಿದಿತ್ತು. ನಕ್ಷೆಯಲ್ಲಿ ನಂಬಬಹುದಾದ ಚುಕ್ಕೆ ಒಂದೇ, ಗೋರಿಯದು. ಪ್ರೊಫೆಸರ್ ಬೆನ್ನಾಸರನಿಗೆ ಹೇಳಿದರು: ದೊಡ್ಡ ಕಲ್ಲು ಸಿಕ್ಕಿದರೆ ಎರಡು ಚುಕ್ಕೆಯಾಗುತ್ತದೆ, ಎರಡರ ನಡುವೆ ಗೆರೆ ಎಳೆಯಬಹುದು, ಊರು ಆ ಗೆರೆಯೊಳಗೇ ಬರುತ್ತದೆ. ಹೊಗೆಯ ಬಾಲ ಕಂಡವರ ಮಾತು ನಂಬಿದರೆ ಅದು ಆಗ್ನೇಯಕ್ಕೆ, ಕಪ್ಪು ಜಲ್ಲಿಯ ಬಯಲಿನಲ್ಲಿ ಎಲ್ಲೋ ಇರಬೇಕು. ಎಷ್ಟು ದೂರ ಎಂದು ಗೊತ್ತಿಲ್ಲ.

“ನಾಳೆ ಗಾಡಿ ತರ್ತೀನಿ, ಒಟ್ಟಿಗೆ ಹೋಗೋಣ,” ಅಂದ ಸಕ್ಕೂ. “ಒಬ್ಬನೇ ಹೋಗ್ಬೇಡ ಸಿ ಬೆನ್ನಾಸರ್. ಜೂನ್ ತಿಂಗಳ ಬಿಸಿಲು.”

“ಹನ್ನೊಂದು ವರ್ಷದ ಅನುಭವ,” ಅಂದ ಬೆನ್ನಾಸರ್.

ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ ಅವನ ಮೊಪೆಡ್ಡು ಹೋಗುತ್ತಿತ್ತು. ಹಿಂದೆ ಹತ್ತು ಲೀಟರಿನ ನೀರಿನ ಕ್ಯಾನು, ಕೊರಳಲ್ಲಿ ಸಕ್ಕೂವಿನ ಜಿಪಿಎಸ್ಸು. ಕೈ ಎತ್ತಿದ. ನಾನು ಕತ್ತರಿ ಹುಡುಕುವವನಂತೆ ಒಳಗೆ ಸರಿದೆ.

ಆ ದಿನ ಬರಲಿಲ್ಲ. ಮರುದಿನ ಮಧ್ಯಾಹ್ನ ಗಾಳಿ ಎದ್ದು ಜಾಡನ್ನೆಲ್ಲ ಒರೆಸಿಹಾಕಿತು. ಸಕ್ಕೂವಿನ ಜೀಪು ಎರಡು ದಿನ ಸುತ್ತಿ, ಹತ್ತನೆಯ ದಿನ ಬೆಳಿಗ್ಗೆ ಅವನನ್ನು ತಂದಿತು. ಮೊದಲು ಮೊಪೆಡ್ಡು ಸಿಕ್ಕಿತಂತೆ, ಚೈನು ತುಂಡಾಗಿ ಬಿದ್ದಿತ್ತು. ಅಲ್ಲಿಂದ ಊರಿನ ದಿಕ್ಕಿಗೆ ಹದಿನಾಲ್ಕು ಕಿಲೋಮೀಟರಿನಾಚೆ ಅವನು ಸಿಕ್ಕಿದ, ಅಕೇಶಿಯಾ ಗಿಡವೊಂದರ ಕೆಳಗೆ, ಮೊಣಕಾಲಿಗೆ ಹಣೆ ಆನಿಸಿ ಕೂತಂತೆ. ರುಮಾಲು ಬಿಚ್ಚಿ ಬೆನ್ನಿಗೆ ಜೋಳಿಗೆ ಕಟ್ಟಿಕೊಂಡಿದ್ದ. ಅದರೊಳಗೆ ಕಲ್ಲು. ತೂಗಿದರೆ ಹನ್ನೊಂದು ಕಿಲೋ.

“ಅದನ್ನ ಬಿಟ್ಟು ನಡೆದಿದ್ರೆ ಬದುಕ್ತಿದ್ದ,” ಅಂದ ಸಕ್ಕೂ. ಅವನ ತುಟಿಯೂ ಬಿಸಿಲಿಗೆ ಸೀಳಿತ್ತು. “ಬರೀ ಜಾಗ ಹೇಳಿದ್ರೆ ಸಾಕಿತ್ತು, ನಾವು ಹೋಗಿ ತರ್ತಿದ್ವಿ.”

“ಬರೀ ಕೈಯಲ್ಲಿ ಬಂದು ಹೇಳಿದ್ರೆ ಈ ಊರಲ್ಲಿ ಅವರನ್ನ ಯಾರು ನಂಬ್ತಿದ್ರು?” ಅಂದಳು ಇತ್ತೋ.

ಕಲ್ಲು ಬಂತು, ಅದು ಬಿದ್ದ ಜಾಗ ಬರಲಿಲ್ಲ. ಜಿಪಿಎಸ್ಸು ಸತ್ತಿತ್ತು, ಬೇರೆ ಬ್ಯಾಟರಿ ಹಾಕಿ ನೋಡಿದರೆ ಒಳಗೆ ಏನನ್ನೂ ಉಳಿಸಿಟ್ಟಿರಲಿಲ್ಲ. ಉಳಿಸುವ ಗುಂಡಿ ಯಾವುದೆಂದು ಅವನು ಸಕ್ಕೂವನ್ನು ಕೇಳಿರಲಿಲ್ಲ. ತಜ್ಞನಾದವನು ಹೇಗೆ ಕೇಳುತ್ತಾನೆ?

ಹೆಣವನ್ನು ನನ್ನ ಮುಂದೆ ಮಲಗಿಸಿದರು. ನೀರೆರೆಯಲು ಫಕೀಹ ತಯ್ಯಿಬರು ನಿಂತರು. ಅಂಗಿಯ ತೋಳನ್ನು ಕತ್ತರಿಸಿ ಸರಿಸಿದಾಗ ಎಡ ಮುಂಗೈಯ ಒಳಮೈಯಲ್ಲಿ ಬಾಲ್‌ಪೆನ್ನಿನ ಬರಹ ಕಂಡಿತು. ಎರಡು ಸಾಲು ಅಂಕಿ, ಜಿಪಿಎಸ್ಸು ತೋರಿಸುವಂಥವು. ಬೆವರಿಗೆ ಅಳಿಸೀತೆಂದು ಒಂದೊಂದು ಅಂಕಿಯನ್ನೂ ಎರಡೆರಡು ಸಲ ತಿದ್ದಿದ್ದ, ಚರ್ಮ ಗೀರಿಹೋಗಿತ್ತು.

“ನೀರು ಬೇಡ. ತಡೀರಿ,” ಅಂದೆ.

ಬಾಗಿಲಾಚೆ ಅಂಗಳದಲ್ಲಿ ಪ್ರೊಫೆಸರ್ ಇದ್ದರು, ಊರೂ ಇತ್ತು. ನಾನು ಒಳಗಿನಿಂದಲೇ ಒಂದೊಂದಾಗಿ ಓದಿದೆ. ಮೊದಲ ಸಾಲು, ಆಮೇಲೆ ಎರಡನೆಯದು. ಹೊರಗೆ ಪೆನ್ನು ಓಡಿ ನಿಂತಿತು.

“ಇನ್ನೊಂದ್ಸಲ ಓದಿ,” ಅಂದರು ಪ್ರೊಫೆಸರ್. ಓದಿದೆ. ಅವರು ನಕ್ಷೆ ಬಿಡಿಸಿ ನೋಡಿದರು. “ಇದು ಅಟ್ಲಾಂಟಿಕ್ ಸಮುದ್ರದ ನಡುವೆ ಬರುತ್ತಲ್ಲ.”

ಯಾರೋ ನಕ್ಕರು. ಮಿಮೂನ್ ಇರಬೇಕು. ಆ ನಗೆ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು, ಮುಂದೆ ಹೋಗಲಾರದೆ ನಿಂತಿತು. ಪ್ರೊಫೆಸರ್ ಏನೋ ಗೀಚುತ್ತಿದ್ದರು. ಆಮೇಲೆ ಬಾಗಿಲ ಹತ್ತಿರ ಬಂದು ಹೇಳಿದರು.

“ತಿರುವುಮುರುವು ಬರೆದಿದಾನೆ. ಮೊದಲು ಬರೀಬೇಕಾದ್ದು ಆಮೇಲೆ. ಅಷ್ಟೇ. ಅಂಕಿ ಎಲ್ಲ ಸರಿ ಇದೆ. ಒಂದೂ ತಪ್ಪಿಲ್ಲ.”

ನಾವು ತೊಳೆದೆವು. ಶಾಯಿ ಮೊದಲ ನೀರಿಗೆ ಹೋಗಲಿಲ್ಲ, ಎರಡನೆಯದಕ್ಕೂ ಹೋಗಲಿಲ್ಲ. ಫಕೀಹರು ಚೊಂಬು ಕೆಳಗಿಟ್ಟು ತಾವೇ ಸಾಬೂನು ತೆಗೆದುಕೊಂಡು ಆ ತೋಳನ್ನು ಮೆಲ್ಲಗೆ ಉಜ್ಜಿದರು. ಅವರ ಗಡ್ಡ ಒದ್ದೆಯಾಗಿತ್ತು. ಬಗ್ಗಿ ಕೆಲಸ ಮಾಡುವಾಗ ಹಾಗಾಗುತ್ತದೆ.

ಬಿಳಿ ಬಟ್ಟೆ ಸುತ್ತಿ ಮುಗಿಸಿ ನಾನು ಅಂಗಳಕ್ಕೆ ಬಂದೆ. ನಕ್ಷೆಯ ಮೇಲೆ ಈಗ ಎರಡು ಚುಕ್ಕೆ, ನಡುವೆ ಸೀಸದ ಗೆರೆ. ಒದ್ದೆ ಕೈ ಒರೆಸಿಕೊಂಡೆ.

“ನನ್ನದು ಒಣಹೊಳೇಲಿ ಸಿಕ್ಕಿದ್ದಲ್ಲ,” ಅಂದೆ. “ನಮ್ಮ ರೊಟ್ಟಿ ಒಲೆ ಪಕ್ಕ.”

ಪ್ರೊಫೆಸರ್ ತಲೆಯೆತ್ತದೆ ಚುಕ್ಕೆ ಇಟ್ಟರು. ಗೆರೆಯ ಪಕ್ಕದಲ್ಲೇ ಬಂತು. ಆಮೇಲೆ ಬೋಳುತಲೆಯವನು ಹೇಳಿದ, ಅವನದು ಕತ್ತೆಯ ಗೋದಲಿಯಲ್ಲಿ. ಒಬ್ಬಳು ವಿಧವೆ ಹೇಳಿದಳು, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ. ಮಿಮೂನ್ ಗೋಡೆಯ ಕಡೆ ಮುಖ ಮಾಡಿ ಹೇಳಿದ. “ಎರಡು. ಒಂದು ಮೇವಿನ ಮಡೀಲಿ. ಇನ್ನೊಂದು ಹೊಸ್ತಿಲ ಮೇಲೆ.” ಹೀಗೆ ಹೊಸದಾಗಿ ಇಪ್ಪತ್ತೆರಡು ಚುಕ್ಕೆಯಾದವು. ಸಣ್ಣವು ಈಚೆ, ದಪ್ಪವು ಆಚೆ. ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ ಕಾಯ್ದರು ನಕ್ಷೆ ನೋಡಿ, ಇಷ್ಟು ಜನರನ್ನೆಲ್ಲ ಊರಾಚೆ ಹೂಳಲು ಜಾಗ ಸಾಲುವುದಿಲ್ಲ ಎಂದಷ್ಟೇ ಹೇಳಿ, ತಲೆಯ ಕರವಸ್ತ್ರ ತೆಗೆದು ಜೇಬಿಗಿಟ್ಟುಕೊಂಡರು.

ಕೊನೆಗೆ ಫಕೀಹರು ಒಳಗಿನಿಂದ ಬಂದರು. ಅವರ ಹೆಂಡತಿ ತಂದುಕೊಟ್ಟ ಕಲ್ಲೊಂದೇ ಉಳಿದಿತ್ತು.

“ನನ್ನ ಹಾಸಿಗೆ ಮೇಲೆ,” ಅಂದರು. “ಚಾವಣೀಲಿ ಹಾಸಿದ್ದು. ದಿಂಬಿಗೆ ತೂತಾಗಿದೆ.”

ಪ್ರೊಫೆಸರ್ ಕೊನೆಯ ಚುಕ್ಕೆ ಇಟ್ಟರು.

ಸಕ್ಕೂ ದೊಡ್ಡ ಕಲ್ಲನ್ನು ಎರಡು ಕೈಯಿಂದ ಎತ್ತಿ ಪ್ರೊಫೆಸರ ಮುಂದಿಟ್ಟ. “ಒಂದು ತುಂಡು ಅಂತಲ್ಲ, ಬೇಕಾದಷ್ಟು ಕೊಯ್ಕೊಳ್ಳಿ. ಉಳಿದದ್ದು ಲಲ್ಲಾ ಇತ್ತೋದು. ಕೊಳ್ಳೋರನ್ನ ನಾನು ಕರ್ಕೊಂಡು ಬರ್ತೀನಿ. ಲ್ಯಾಬಿನೋರು ಕೇಳಿದಾಗ ಇಲ್ಲ ಅನ್ನದೋರನ್ನೇ ತರ್ತೀನಿ.”

ಇತ್ತೋ ಹೆಂಗಸರ ನಡುವಿನಿಂದ ಎದ್ದು ಬಂದಳು. ನಕ್ಷೆಯ ಮೇಲೆ ಬಗ್ಗಿದಳು.

“ಇದು ಯಾವುದು?”

“ನಿಮ್ಮಪ್ಪನವರದು,” ಅಂದರು ಪ್ರೊಫೆಸರ್.

“ಇದು?”

“ನಿಮ್ಮ ಯಜಮಾನರಿಗೆ ಸಿಕ್ಕಿದ್ದು.”

ಅವಳು ಎರಡರ ನಡುವೆ ಗೇಣು ಇಟ್ಟು ನೋಡಿದಳು. “ಎಷ್ಟು ದೂರ ಆಗುತ್ತೆ?”

“ಇಪ್ಪತ್ತಾರು ಕಿಲೋಮೀಟರ್. ಅದರಲ್ಲಿ ಹದಿನಾಲ್ಕು ಅವರು ಹೊತ್ಕೊಂಡು ನಡೆದಿದ್ದಾರೆ.”

“ಹದಿನಾಲ್ಕು,” ಅಂದಳು ಇತ್ತೋ. “ಬಾವಿ ನಮ್ಮ ಬಾಗಿಲಿಂದ ಇನ್ನೂರು ಹೆಜ್ಜೆ. ಒಂದಿನಾನೂ ಒಂದು ಕೊಡ ನೀರು ತಂದೋರಲ್ಲ.”